ಹೆಸರುಗಲ್ಲು

ಜಾಲಿಗೆರೆಗೆ ಹೋಗುವವರಿಗೆ ಊರಿಗಿಂತ ಮೊದಲು ಸಿಗುವುದು ಕೆರೆ. ಊರಿಗೆ ಎದುರಿನ ದಡದಲ್ಲಿ ಸೊಂಟದೆತ್ತರದ ಒಂದು ಕರಿಬಂಡೆಯಿದೆ. ಅದಕ್ಕೆ ಕುಂಕುಮವಿಲ್ಲ, ಗುಡಿಯಿಲ್ಲ, ಪೂಜಾರಿಯೂ ಇಲ್ಲ. ನೆತ್ತಿ ಮಾತ್ರ ಜನ ತುಳಿದು ತುಳಿದು ನುಣುಪಾಗಿದೆ. ಈಗ ಎಲ್ಲರೂ ಅದನ್ನು ಹೆಸರುಗಲ್ಲು ಎನ್ನುತ್ತಾರೆ. ಮೊದಲು ಅದು ಕೂಗುಗಲ್ಲಾಗಿತ್ತು.

ಹಿಂದೆ ಊರಿನ ಹೆಣ್ಣುಮಕ್ಕಳು ಮುಟ್ಟಾದರೆ ಕೆರೆಯಾಚೆಯ ಹುಲ್ಲಿನ ಗುಡಿಸಲಿಗೆ ಹೋಗಿ ಕೂರಬೇಕಿತ್ತು. ಮಳೆಯೋ ಚಳಿಯೋ, ಕೇಳುವವರಿರಲಿಲ್ಲ. ಹಸಿವಾದಾಗ ಬಂಡೆ ಹತ್ತಿ ಊರ ಕಡೆಗೆ "ಓ" ಎಂದು ಕೂಗಿದರೆ ಮನೆಯವರು ಮುದ್ದೆ ತಂದು ದೂರದಲ್ಲಿಟ್ಟು ಹೋಗುತ್ತಿದ್ದರು. ಕೂಗು ಅಷ್ಟೇ, ಮಾತಾಡುವಂತಿಲ್ಲ, ಯಾರ ಹೆಸರನ್ನೂ ಎತ್ತುವಂತಿಲ್ಲ. ಹೊರಗಾದವಳ ಬಾಯಲ್ಲಿ ಹೆಸರು ಬಂದರೆ ಆ ಹೆಸರಿನವರ ಆಯಸ್ಸು ಸವೆಯುತ್ತದೆಂಬ ನಂಬಿಕೆ. ಈ ನಂಬಿಕೆಯನ್ನು ಹುಟ್ಟಿಸಿದವರು ಯಾರೋ ಏನೋ, ಆ ಗುಡಿಸಲಲ್ಲಿ ಒಂದು ದಿನವಾದರೂ ಕೂತವರಂತೂ ಅಲ್ಲ.

ಸಿದ್ದಕ್ಕ ಆ ಊರಿನ ಸೊಸೆ. ಮದುವೆಯ ಹೊಸದರಲ್ಲೇ ಅತ್ತೆ ಬೊಮ್ಮಕ್ಕ ಅವಳಿಗೆ ಈ ಕಟ್ಟಳೆ ಹೇಳಿಕೊಟ್ಟಿದ್ದಳು. ಆಮೇಲೆ ಸಿದ್ದಕ್ಕ ಹರಕೆ ಹೊತ್ತು ಪಡೆದ ಒಬ್ಬನೇ ಮಗ ಮೈಲಾರಿ, ಈ ಕಥೆಯ ಹೊತ್ತಿಗೆ ಆಗಷ್ಟೇ ಓಡಾಡಲು ಕಲಿತಿದ್ದ. ಗುಡಿಸಲಿಗೆ ಬಂದಾಗಲೆಲ್ಲ ಅವನ ಹೆಸರು ಬಾಯಿತಪ್ಪಿಯೂ ಬಾರದಿರಲೆಂದು ಸಿದ್ದಕ್ಕ ಸೆರಗಿನ ತುದಿಯನ್ನು ಕಚ್ಚಿಕೊಂಡಿರುತ್ತಿದ್ದಳಂತೆ. ಸಿದ್ದಕ್ಕ ಗುಡಿಸಲಲ್ಲಿದ್ದ ಒಂದು ಬೆಳಿಗ್ಗೆ, ಬೊಮ್ಮಕ್ಕ ರಾಗಿ ಬೀಸುತ್ತಿದ್ದಾಗ ಕೂಸು ಅಮ್ಮನನ್ನು ಹುಡುಕಿಕೊಂಡು ಕೆರೆಯ ಈಚೆ ದಡಕ್ಕೆ ಬಂತು. ಕೆರೆಯ ತುಂಬ ಅಂತರಗಂಗೆ ಕಳೆ ಹಬ್ಬಿ, ನೀರೇ ಕಾಣದೆ ಹುಲ್ಲುಗಾವಲಿನಂತಾಗಿತ್ತು. ಅಂಚಿನಲ್ಲಿ ನಿಂತ ಮಗನನ್ನು ಕಂಡು ಸಿದ್ದಕ್ಕನ ಜೀವ ಬಾಯಿಗೆ ಬಂತು. ಕೆರೆಯ ಏರಿಯನ್ನು ಬಳಸಿ ಓಡಿದರೆ ತಡವಾದೀತು. "ಮೈಲಾರಿ, ನಿಲ್ಲು" ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಮಗನ ಆಯಸ್ಸಿಗೆ ಹೆದರಿ ನುಂಗಿಕೊಂಡಳು. ಊರವರಾದರೂ ಬರಲಿ ಎಂದು ಬಂಡೆ ಹತ್ತಿ "ಓ" ಎಂದು ಕೂಗಿದಳು. ಊರಿಗೆ ಅದು ಹಸಿವಿನ ಕೂಗು. "ಇನ್ನೂ ಎಸ್ರೇ ಇಟ್ಟಿಲ್ಲ, ಇವ್ಳಿಗೇನು ಅವಸ್ರ" ಎಂದು ಬೊಮ್ಮಕ್ಕ ಬೀಸುತ್ತಲೇ ಇದ್ದಳು. ಕೂಸಿಗೆ ಅದು ಅಮ್ಮ ಕರೆದ ದನಿ. ನಗುತ್ತ ಆ ಹಸುರಿನ ಮೇಲೆ ಕಾಲಿಟ್ಟಿತು.

ಸಿದ್ದಕ್ಕ ಕೆರೆಗೆ ಹಾರಿದಳು. ಕಳೆಯನ್ನು ಸೀಳಿಕೊಂಡು ಹೋಗಿ ಮಗನನ್ನು ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಆಮೇಲೆ ಮುದ್ದೆ ಹೊತ್ತು ಬಂದ ಬೊಮ್ಮಕ್ಕ ದಡದಲ್ಲೇ ಕುಸಿದಳು.

"ಹೆಸ್ರಿಡಿದು ಕೂಗಬಾರ್ದಾಗಿತ್ತೇನೇ ತಾಯಿ? ನಿಂತ್ಕಂತಿತ್ತಲ್ಲೇ ಮಗ."

"ಆಯಸ್ಸು ಕಮ್ಮಿ ಆಯ್ತದೆ ಅಂತ ನೀವೇ ಅಂದಿದ್ರಲ್ಲ, ಅತ್ತೆಮ್ಮ," ಎಂದಳು ಸಿದ್ದಕ್ಕ.

ಅವಳು ಮತ್ತೆ ಮನೆಗೆ ಹೋಗಲಿಲ್ಲ. ಬದುಕಿದ್ದಷ್ಟು ಕಾಲ ದಿನವೂ ಆ ಬಂಡೆ ಹತ್ತಿ ಮಗನ ಹೆಸರನ್ನು ಗಂಟಲು ಬಿರಿಯುವಂತೆ ಕೂಗಿದಳು, ಬೇಡವೆನ್ನಲು ಊರಿನ ಯಾರಿಗೂ ಬಾಯಿ ಬರಲಿಲ್ಲ ಎನ್ನುತ್ತಾರೆ. ಗುಡಿಸಲು ಎಂದೋ ಬಿದ್ದುಹೋಯಿತು. ಜಾಲಿಗೆರೆಯ ತಾಯಂದಿರು ಈಗಲೂ, ಮುಟ್ಟಾದ ದಿನವೇ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಆ ಕಲ್ಲು ಹತ್ತಿ ಮಗುವಿನ ಹೆಸರನ್ನು ಜೋರಾಗಿ ಕೂಗುತ್ತಾರೆ. ಆಮೇಲೆ ನೀರಿನ ಕಡೆ ತಿರುಗಿ ಒಮ್ಮೆ "ಮೈಲಾರಿ" ಎನ್ನುತ್ತಾರೆ. ಓಗೊಡುವವರಿಲ್ಲ ಎಂದು ಗೊತ್ತಿದ್ದೂ ಕೊಂಚ ಹೊತ್ತು ಕಾದು, ಕಲ್ಲಿಳಿದು ಮನೆಗೆ ಹೋಗುತ್ತಾರೆ.