ಚೆಲುವಜ್ಜಿಯ ಹಿತ್ತಾಳೆ ಲೋಟ

ಬನ್ರೋ, ಬನ್ರೇ, ಹತ್ತಿರ ಕೂತ್ಕೊಳ್ಳಿ. ಬಾಯಲ್ಲಿರೋ ಬೆರಳು ತೆಗೀರಿ. ಕಿವಿ ಇತ್ಲಾಗೆ ಕೊಡಿ.

ಒಂದು ಬೀದಿ. ಬೀದಿ ತಿರುವಲ್ಲಿ ಪದ್ದಣ್ಣನ ಕಾಫಿ ಹೋಟೆಲು. ಅಬ್ಬಬ್ಬಾ, ಆ ಕಾಫಿಯೇ ಕಾಫಿ! ಪದ್ದಣ್ಣ ಕೈ ಮೇಲೆತ್ತಿ ಸುರಿದರೆ ಮಾರುದ್ದ ಧಾರೆ. ಒಂದು ಹನಿ ಆಚೆ ಬೀಳಲ್ಲ. ಮೇಲೆ ಇಷ್ಟೆತ್ತರ ನೊರೆ. ಯಾರಿಗೆ ಸಕ್ಕರೆ ಕಮ್ಮಿ, ಯಾರಿಗೆ ಡಿಕಾಕ್ಷನ್ ಜಾಸ್ತಿ, ಅವನು ಕೇಳೋದೇ ಇಲ್ಲ. ಮುಖ ನೋಡ್ತಾನೆ, ಬೆರೆಸ್ತಾನೆ.

ಆ ಬೀದಿಯವರಿಗೆಲ್ಲ ಬೈ ಟೂ ಕಾಫಿ. ಅಂದ್ರೆ ಏನು? ಒಂದು ಕಾಫಿ, ಎರಡು ಲೋಟ. ಅರ್ಧ ನಿನಗೆ, ಅರ್ಧ ನನಗೆ. ಜೊತೆ ಇಲ್ಲದೆ ಯಾರೂ ಕುಡಿಯಲ್ಲ.

ಚೆಲುವಜ್ಜಿ ಮಾತ್ರ ಬೇರೆ. ಚೆಲುವಜ್ಜಿ ಹೂವು ಮಾರೋಳು. ದಿನಾ ಬೆಳಿಗ್ಗೆ ಬುಟ್ಟಿಯಿಂದ ತನ್ನದೇ ಹಿತ್ತಾಳೆ ಲೋಟ ತೆಗೀತಾಳೆ. ಅವಳ ಅವ್ವ ಕೊಟ್ಟ ಲೋಟ. "ಪದ್ದಣ್ಣಾ, ನನ್ನ ಲೋಟಕ್ಕೆ ನನ್ನ ಕಾಫಿ. ತುಂಬ ಹಾಕು. ಪಾಲು ಗೀಲು ನನ್ನ ಹತ್ರ ಇಲ್ಲ!" ಅಂತಾಳೆ. ಮೂಲೇಲಿ ಒಬ್ಬಳೇ ಕೂರ್ತಾಳೆ. ಸೊರ್ ಸೊರ್ ಅಂತ ಕುಡೀತಾಳೆ.

ಒಂದಿನ ಏನಾಯ್ತು? ಅಜ್ಜಿ ಲೋಟ ತೊಳೀತಿದ್ದಳು. ಕೈ ಜಾರಿತು. ಟಣ್! ಟಣ್! ಟಣಟಣಟಣ್! ಲೋಟ ಉರುಳಿತು. ಹೋಟೆಲಿನ ಬಾಗಿಲ ಮುಂದೆ ಒಂದು ಚಪ್ಪಡಿ ಕಲ್ಲು. ಅದರ ಸಂದಿಗೆ ನುಗ್ಗಿತು. ಕಣ್ಣಿಗೆ ಕಾಣಲ್ಲ. ಕೈಗೆ ಸಿಗಲ್ಲ.

"ಅಯ್ಯೋ, ನಮ್ಮವ್ವ ಕೊಟ್ಟ ಲೋಟ ಕಣೋ!" ಅಜ್ಜಿ ಕಣ್ಣಲ್ಲಿ ನೀರು ಬಂತು.

ಪದ್ದಣ್ಣ ಕಲ್ಲು ಎತ್ತೋಕೆ ಹೋದ. ಕಲ್ಲು ಅಲುಗಲಿಲ್ಲ. "ಇದಕ್ಕೆ ಹಾರೆ ಬೇಕು ಅಜ್ಜಿ. ಕಲ್ಲು ಕೆಲಸದ ಕಾಳಪ್ಪನೇ ಬೇಕು."

ಕಾಳಪ್ಪ ಅಲ್ಲೇ ಜಗಲಿ ಮೇಲೆ ಆಕಳಿಸ್ತಾ ಕೂತಿದ್ದ.

"ಕಾಳಪ್ಪಾ, ಕಾಳಪ್ಪಾ! ಲೋಟ ಕಲ್ಲಿನ ಕೆಳಗೆ. ಏಳಪ್ಪ, ಕಲ್ಲು ಎತ್ತಪ್ಪ."

"ಊಹೂಂ! ಕಾಫಿ ಕುಡಿಯದೆ ಕಲ್ಲು ಎತ್ತಲ್ಲ. ದಾಸಪ್ಪ ಬರದೆ ಕಾಫಿ ಕುಡಿಯಲ್ಲ."

ಅಜ್ಜಿ ಹೊರಟಳು. ದಾಸಪ್ಪ ಯಾರು? ದರ್ಜಿ. ಟಕಟಕ ಅಂತ ಮಿಷನ್ ತುಳೀತಿದ್ದ.

"ದಾಸಪ್ಪಾ, ದಾಸಪ್ಪಾ! ಲೋಟ ಕಲ್ಲಿನ ಕೆಳಗೆ. ಕಾಳಪ್ಪ ಕಲ್ಲು ಎತ್ತಲ್ಲ. ಏಳಪ್ಪ, ಕಾಳಪ್ಪನ ಹತ್ರ ಬಾರಪ್ಪ."

"ಊಹೂಂ! ನನ್ನ ಮೊದಲ ಅರ್ಧ ಬಸಕ್ಕನ ಜೊತೆ. ಆಮೇಲಿನ ಅರ್ಧ ಕಾಳಪ್ಪನ ಜೊತೆ. ಬಸಕ್ಕ ಬರದೆ ನಾನು ಬರಲ್ಲ."

ಅಜ್ಜಿ ಹೊರಟಳು. ಬಸಕ್ಕ ಯಾರು? ಬಳೆ ಮಾರೋಳು. ಝಲ್ ಝಲ್ ಅಂತ ಬಳೆ ಜೋಡಿಸ್ತಿದ್ದಳು.

"ಬಸಕ್ಕಾ, ಬಸಕ್ಕಾ! ಲೋಟ ಕಲ್ಲಿನ ಕೆಳಗೆ. ಕಾಳಪ್ಪ ಕಲ್ಲು ಎತ್ತಲ್ಲ. ದಾಸಪ್ಪ ಕಾಳಪ್ಪನ ಹತ್ರ ಬರಲ್ಲ. ಏಳಮ್ಮ, ದಾಸಪ್ಪನ ಹತ್ರ ಬಾರಮ್ಮ."

"ಊಹೂಂ! ನನ್ನ ಮೊದಲ ಅರ್ಧ ಕಾಸಿಂ ಸಾಬ್ರ ಜೊತೆ. ಆಮೇಲಿನ ಅರ್ಧ ದಾಸಪ್ಪನ ಜೊತೆ. ಸಾಬ್ರು ಬರದೆ ನಾನು ಬರಲ್ಲ."

ಅಜ್ಜಿಗೆ ಕಾಲು ನೋವು. ಮೊಣಕಾಲು ಲಟಕ್ ಲಟಕ್. ಆದ್ರೂ ಹೊರಟಳು. ಲೋಟ ಬಿಡೋಕಾಗುತ್ತಾ? ಕಾಸಿಂ ಸಾಬ್ರು ಯಾರು? ಕೊಡೆ ರಿಪೇರಿ ಮಾಡೋರು. ಮುರಿದ ಕೊಡೆಗಳ ಮಧ್ಯೆ ಸಪ್ಪೆ ಮುಖ ಹಾಕ್ಕೊಂಡು ಕೂತಿದ್ದರು.

"ಸಾಬ್ರೇ, ಸಾಬ್ರೇ! ಲೋಟ ಕಲ್ಲಿನ ಕೆಳಗೆ. ಕಾಳಪ್ಪ ಕಲ್ಲು ಎತ್ತಲ್ಲ. ದಾಸಪ್ಪ ಕಾಳಪ್ಪನ ಹತ್ರ ಬರಲ್ಲ. ಬಸಕ್ಕ ದಾಸಪ್ಪನ ಹತ್ರ ಬರಲ್ಲ. ಏಳಿ ಸಾಬ್ರೇ, ಬಸಕ್ಕನ ಹತ್ರ ಬನ್ನಿ."

ಸಾಬ್ರು ಊಹೂಂ ಅನ್ನಲಿಲ್ಲ. ನಿಟ್ಟುಸಿರು ಬಿಟ್ಟರು.

"ಹೆಂಗೆ ಬರಲಿ ಚೆಲುವಮ್ಮ? ನನ್ನ ಮೊದಲ ಅರ್ಧ ಗಡಿಯಾರದ ಗೋವಿಂದಯ್ಯನ ಜೊತೆ. ಗೋವಿಂದಯ್ಯ ನಿನ್ನೆ ಮಗಳ ಊರಿಗೆ ಹೋದ. ಮೂರು ತಿಂಗಳು ಬರಲ್ಲ. ಅರ್ಧ ನನಗೆ. ಇನ್ನರ್ಧ ಯಾರಿಗೆ?"

"ಅಷ್ಟೇನಾ? ಪೂರ್ತಿ ನೀವೇ ಕುಡೀರಿ. ನಾನು ಕುಡಿಯಲ್ವಾ?"

"ಒಬ್ಬನೇನಾ? ಒಬ್ಬನೇ ಕೂತ್ರೆ ಗಂಟಲಲ್ಲಿ ಇಳಿಯಲ್ಲಮ್ಮ."

ಅಜ್ಜಿ ಲೋಟ ನೆನೆಸಿಕೊಂಡಳು. ಮೂಲೆ ನೆನೆಸಿಕೊಂಡಳು. ಸಾಬ್ರ ಮುಖ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಏಳಿ ಸಾಬ್ರೇ. ಇನ್ನರ್ಧ ನನಗೆ!"

ಹೋಟೆಲಿಗೆ ಬಂದರು. "ಪದ್ದಣ್ಣಾ, ಬೈ ಟೂ!" ಅಂದಳು ಅಜ್ಜಿ. ಪದ್ದಣ್ಣ ಕಣ್ಣು ಕಣ್ಣು ಬಿಟ್ಟ. ಅವನ ಕೈಯಲ್ಲಿದ್ದ ಚಮಚ ಕೆಳಗೆ ಬಿತ್ತು. ಆಮೇಲೆ ಬೀದಿಗೆಲ್ಲ ಕೇಳೋ ಹಾಗೆ ಕೂಗಿದ. "ಚೆಲುವಜ್ಜಿಗೆ ಬೈ ಟೂಊಊ!"

ಮಾರುದ್ದ ಧಾರೆ. ಇಷ್ಟೆತ್ತರ ನೊರೆ. ಎರಡು ಗಾಜಿನ ಲೋಟ. ಅಜ್ಜಿ ಮುಖ ಕಿವುಚಿ ಒಂದು ಗುಟುಕು ಕುಡಿದಳು. "ಅಯ್ ಶಿವನೇ! ಇದರಲ್ಲೂ ಅಷ್ಟೇ ಚೆನ್ನಾಗಿದೆಯಲ್ಲೋ ಪದ್ದಣ್ಣ!"

ಆಮೇಲೆ ನೋಡಿ ಮಕ್ಕಳಾ!

ಅಜ್ಜಿ ಜೊತೆ ಸಾಬ್ರು ಕುಡಿದರು, ಸೊರ್ರ್!
ಸಾಬ್ರ ಜೊತೆ ಬಸಕ್ಕ ಕುಡಿದಳು, ಸೊರ್ರ್!
ಬಸಕ್ಕನ ಜೊತೆ ದಾಸಪ್ಪ ಕುಡಿದ, ಸೊರ್ರ್!
ದಾಸಪ್ಪನ ಜೊತೆ ಕಾಳಪ್ಪ ಕುಡಿದ, ಸೊರ್ರ್!
ಕಾಳಪ್ಪ ಎದ್ದ. ಮೀಸೆ ಒರೆಸಿದ. ಹಾರೆ ಹಿಡಿದ. ಐಸಾ! ಕಲ್ಲು ಎದ್ದಿತು.

ಕಲ್ಲಿನ ಕೆಳಗೆ ಏನಿತ್ತು? ಹೇಳಿ, ಗಟ್ಟಿಯಾಗಿ ಹೇಳಿ. ಹೌದು, ಲೋಟ! ಮಣ್ಣಾಗಿತ್ತು ಅಷ್ಟೇ. ಒಂದು ಕಡೆ ಚೂರು ನೆಗ್ಗಿತ್ತು. ಅಜ್ಜಿ ಅದನ್ನ ಎದೆಗೆ ಒತ್ತಿಕೊಂಡಳು. "ಸಿಕ್ಕಿತಲ್ಲವ್ವಾ," ಅಂದಳು.

ಮರುದಿನ ಬೆಳಿಗ್ಗೆ ಅಜ್ಜಿ ಬಂದಳು. ಬುಟ್ಟಿಯಿಂದ ಲೋಟ ತೆಗೆದಳು. ಪದ್ದಣ್ಣ ತುಂಬ ಹಾಕೋಕೆ ಕೈ ಮೇಲೆತ್ತಿದ.

"ತಡಿಯೋ! ಅರ್ಧ ಹಾಕು. ಸಾಬ್ರು ಬರ್ತಿದ್ದಾರೆ, ಕಾಣಲ್ವಾ?"

ಮೂಲೆ ಖಾಲಿ ಆಯ್ತು. ಜಗಲಿ ಮೇಲೆ ಸಾಬ್ರು, ಬಸಕ್ಕ, ದಾಸಪ್ಪ, ಕಾಳಪ್ಪ. ಅವರ ನಡುವೆ ಚೆಲುವಜ್ಜಿ, ಕೈಯಲ್ಲಿ ಹಿತ್ತಾಳೆ ಲೋಟ.

ಮೂರು ತಿಂಗಳಾಯ್ತು. ಗೋವಿಂದಯ್ಯ ಮಗಳ ಊರಿಂದ ಬಂದರು. ತಮ್ಮ ಜಾಗದಲ್ಲಿ ಅಜ್ಜಿ ಕೂತಿದ್ದಾಳೆ! ಗೋವಿಂದಯ್ಯ ನಿಂತೇ ಇದ್ದರು. ಸಾಬ್ರು ಈ ಕಡೆ ನೋಡಿದರು, ಆ ಕಡೆ ನೋಡಿದರು. ಅಯ್ಯೋ, ಈಗೇನು ಮಾಡೋದು?

ಅಜ್ಜಿ ಸರಿದು ಕೂತಳು. "ನಿಂತಿದ್ದೀರಲ್ಲ, ಕೂತ್ಕೊಳ್ಳಿ," ಅಂದಳು. ಆಮೇಲೆ ಒಳಗೆ ತಿರುಗಿ ಕೂಗಿದಳು.

"ಪದ್ದಣ್ಣಾ, ಬೈ ತ್ರೀ!"