ಯಾರೆಂದು ಕೇಳುವ ಬಾಗಿಲು

ಓಜಿಬ್ವೆ ಜನರ ನಾಡಿನಲ್ಲಿ ಪರದೇಶದ ಸಿಪಾಯಿಗಳು ಅಲ್ಲಿಯ ಮರಗಳನ್ನೇ ಕಡಿದು ಕೋಟೆ ಕಟ್ಟಿಕೊಂಡರು. ಆ ನಾಡಿನವರು ಹತ್ತಿರ ಸುಳಿದರೂ ಸಾಕು, ಕೋಟೆಯ ಬಾಗಿಲು "ಯಾರು?" ಎಂದು ಗದರುತ್ತಿತ್ತು.

ಒಂದು ಬೇಸಿಗೆಯ ದಿನ ಓಜಿಬ್ವೆ ಗಂಡಸರು ಕೋಟೆಯೆದುರು ಕೋಲು ಹಿಡಿದು ಚೆಂಡಾಟಕ್ಕಿಳಿದರು. ಸಿಪಾಯಿಗಳು ಬಾಗಿಲು ತೆರೆದಿಟ್ಟು ನೋಡಲು ಬಂದರು. ಓಜಿಬ್ವೆ ಹೆಂಗಸರು ಬಾಗಿಲ ಬಳಿಯೇ ಕಂಬಳಿ ಹೊದ್ದು ನಿಂತರು.

"ಈ ಉರಿಬಿಸಿಲಲ್ಲಿ ಇವರಿಗೆ ಕಂಬಳಿ ಯಾಕಣ್ಣ? ಬೇಗ ಮುಚ್ಚಿಕೋ," ಎಂದು ಅಗುಳಿ ಬಾಗಿಲಿಗೆ ಹೇಳಿತು.

"ಗುಂಡಿಗೇ ಜಗ್ಗದವನು ಚೆಂಡಿಗೆ ಹೆದರಲೇ?" ಎಂದು ಬಾಗಿಲು ನಕ್ಕಿತು.

ಅಷ್ಟರಲ್ಲಿ ಚೆಂಡು ಹಾರಿ ಕೋಟೆಯೊಳಗೆ ಬಿತ್ತು. ಆಟಗಾರರು ಅದರ ಹಿಂದೆಯೇ ಓಡಿಬಂದರು. ಹೆಂಗಸರು ಕಂಬಳಿಯೊಳಗಿಂದ ತೆಗೆದುಕೊಟ್ಟ ಕೊಡಲಿ ಹಿಡಿದು ಒಳನುಗ್ಗಿದರು. ಕೋಟೆ ಅವರ ಕೈಸೇರಿತು.

"ಕೇಳದೆ ಒಳಗೆ ಬಂದೆಯಲ್ಲೋ ಮೋಸಗಾರ, ಯಾರು ನೀನು?" ಎಂದು ಬಾಗಿಲು ಚೆಂಡನ್ನು ಗದರಿತು.

"ನೀನು ಇಲ್ಲೇ ಮರವಾಗಿ ನಿಂತಿದ್ದಾಗ ಈ ಆಟ ನಿನ್ನ ನೆರಳಲ್ಲೇ ನಡೆಯುತ್ತಿತ್ತು, ಮಾರಾಯ," ಎಂದಿತು ಚೆಂಡು. "ಎಷ್ಟು ಸಲ ಉರುಳಿಬಂದು ನಿನ್ನ ಬುಡಕ್ಕೆ ಬಡಿದಿದ್ದೇನೆ! ಆಗ ನೀನು ಒಮ್ಮೆಯೂ ಯಾರೆಂದು ಕೇಳಿರಲಿಲ್ಲ."