ಹಸಿ ಅಚ್ಚು

“ಬುದ್ಧಿ, ಮಾತು ಬಿಟ್ಟ ಇಬ್ಬರ ನಡುವೆ ನಿಂತು, ಒಬ್ಬರ ಮಾತನ್ನು ಮೆತ್ತಗೆ ಮಾಡಿ ಇನ್ನೊಬ್ಬರಿಗೆ ತಲುಪಿಸುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಅವನ ದನಿಯಲ್ಲಿ ನೋವಿತ್ತು. ಮಠದ ಅಡುಗೆಯವನಿಗೂ ಉಗ್ರಾಣ ನೋಡಿಕೊಳ್ಳುವವನಿಗೂ ಮೂರು ತಿಂಗಳಿಂದ ಮಾತಿರಲಿಲ್ಲ. ಇಬ್ಬರ ನಡುವೆ ಮಾತು ದಾಟಿಸುತ್ತಿದ್ದವನು ಈ ಶಿಷ್ಯನೇ. ಅವತ್ತು ಬೆಳಿಗ್ಗೆ ಗುರುಗಳು ಅವನನ್ನು ಕರೆದು, ಇನ್ನು ಆ ಕೆಲಸ ಬಿಡು ಎಂದಿದ್ದರು.

“ಮೂರು ತಿಂಗಳಿಂದ ಅಡುಗೆಮನೆಯಲ್ಲಿ ಒಂದು ಜೋರು ದನಿ ಕೇಳಿಲ್ಲ, ಬುದ್ಧಿ” ಎಂದ ಶಿಷ್ಯ. “ನಿನ್ನೆಯದನ್ನೇ ನೋಡಿ. ಅಡುಗೆಯವರು ದೊಡ್ಡ ತಾಮ್ರದ ಕೊಪ್ಪರಿಗೆ ತೋರಿಸಿ ಕೂಗಾಡಿದರು. ‘ಕಲಾಯಿ ಪೂರ್ತಿ ಹೋಗಿದೆ, ಒಳಗೆಲ್ಲ ಕಿಲುಬು, ಹುಳಿ ಬಿದ್ದರೆ ವಿಷ, ಮೂರು ಸಲ ಹೇಳಿ ಕಳಿಸಿದೀನಿ. ಇದರಲ್ಲೇ ಹುಣಸೆ ಸಾರು ಕಾಯಿಸಿ ಮೊದಲನೇ ಸೌಟು ಆ ಉಗ್ರಾಣದವನ ಎಲೆಗೇ ಬಡಿಸ್ತೀನಿ ಅಂತ ಹೇಳು’ ಅಂದರು. ಅಂಥ ಮಾತನ್ನು ಹಾಗೇ ಹೇಳೋದಕ್ಕಾಗುತ್ತದೆಯೇ? ಬಿಡುವಾದಾಗ ಕಲಾಯಿಯವನಿಗೆ ಹೇಳಿ ಕಳಿಸಬೇಕಂತೆ, ಅಂತ ಹೇಳಿದೆ. ಉಗ್ರಾಣದವರು ನಕ್ಕು, ಹಿರಿಯ ಗುರುಗಳ ಪುಣ್ಯತಿಥಿಯ ಊಟ ಮುಗಿಯಲಿ ಅಂದರು. ಸೌದೆಯ ವಿಷಯಕ್ಕೂ ಹೀಗೇ ಆಗಿತ್ತು, ಬೇಳೆಯ ವಿಷಯಕ್ಕೂ ಹೀಗೇ. ಎಲ್ಲ ತಣ್ಣಗೆ ಮುಗಿಯಿತು.”



“ನೀನು ಒಳ್ಳೆಯವನು ಮರಿ. ನನಗೆ ಚಿಂತೆ ಅದರದೇ. ಕೂತುಕೋ” ಎಂದು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಗಂಟೆಗಳ ಎರಕ ಹೊಯ್ಯುವ ಮನೆಯೊಂದಿತ್ತು. ಅಲ್ಲಿ ಇಬ್ಬರು ಗಟ್ಟಿ ಕೆಲಸಗಾರರಿದ್ದರು. ಒಬ್ಬ ಅಚ್ಚಿನವನು. ಮೇಣದಲ್ಲಿ ಗಂಟೆಯ ರೂಪ ಮಾಡಿ, ಅದಕ್ಕೆ ಜೇಡಿಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಟೊಳ್ಳಾದ ಅಚ್ಚನ್ನು ಒಣಗಿಸುವುದು ಅವನ ಕೆಲಸ. ಇನ್ನೊಬ್ಬ ಕುಲುಮೆಯವನು. ಕಂಚು ಕರಗಿಸಿ, ಅದರ ಹದ ನೋಡಿ ಅಚ್ಚಿಗೆ ಸುರಿಯುವುದು ಅವನ ಕೆಲಸ. ಒಬ್ಬನಿಲ್ಲದೆ ಇನ್ನೊಬ್ಬನ ಕೆಲಸಕ್ಕೆ ಅರ್ಥವಿಲ್ಲ. ಇಬ್ಬರಿಗೂ ಇದು ಚೆನ್ನಾಗಿ ಗೊತ್ತಿತ್ತು, ಮತ್ತು ಇಬ್ಬರಿಗೂ ಇದು ಇಷ್ಟವಿರಲಿಲ್ಲ.

ಆ ಕೆಲಸದಲ್ಲಿ ಒಂದು ಅಪಾಯವಿದೆ. ಅಚ್ಚಿನೊಳಗೆ ಹಸಿ ಉಳಿದಿರಬಾರದು. ಕುದಿಯುವ ಕಂಚು ಹಸಿ ಮಣ್ಣಿಗೆ ತಗುಲಿದರೆ ಅಚ್ಚು ಸಿಡಿಯುತ್ತದೆ. ಕಂಚು ಮೇಲಕ್ಕೆ ಹಾರಿ, ಸುತ್ತ ನಿಂತವರ ಮೇಲೆ ಬೀಳುತ್ತದೆ. ಆ ಊರಿನಲ್ಲಿ ಹಾಗೆ ಕಣ್ಣು ಕಳೆದುಕೊಂಡ ಮುದುಕನೊಬ್ಬ ಇನ್ನೂ ಬದುಕಿದ್ದ.

ಒಮ್ಮೆ ಒಂದು ಗಂಟೆ ಸೀಳಿತು. ಯಜಮಾನ ಎಲ್ಲರೆದುರು ಅಚ್ಚಿನವನನ್ನು ಬೈದ. ಕಂಚು ಆರಿದ ಮೇಲೆ ಸುರಿದದ್ದರಿಂದ ಗಂಟೆ ಸೀಳಿತು ಎಂದು ಅಚ್ಚಿನವನಿಗೂ ಗೊತ್ತಿತ್ತು, ಕುಲುಮೆಯವನಿಗೂ ಗೊತ್ತಿತ್ತು. ಆದರೆ ಕುಲುಮೆಯವನು ಬಾಯಿ ಬಿಡಲಿಲ್ಲ. ಅವತ್ತಿನಿಂದ ಅಚ್ಚಿನವನು ಅವನ ಜೊತೆ ಮಾತು ಬಿಟ್ಟ. ಕುಲುಮೆಯವನೂ ನಾನೇನು ಕಡಿಮೆ ಎಂದು ಬಿಟ್ಟ.

ಮಾತು ನಿಂತರೂ ಕೆಲಸ ನಿಲ್ಲುವಂತಿರಲಿಲ್ಲ. ಅಲ್ಲೊಬ್ಬ ಮೇಸ್ತ್ರಿಯಿದ್ದ. ವಯಸ್ಸಾದವನು, ಮೆದು ಮನಸ್ಸಿನವನು, ಯಾರಾದರೂ ದನಿ ಎತ್ತಿದರೆ ಅವನಿಗೇ ಎದೆ ಹೊಡೆದುಕೊಳ್ಳುತ್ತಿತ್ತು. ಇಬ್ಬರ ಮಾತನ್ನೂ ಹೊರುವ ಕೆಲಸ ಅವನ ಪಾಲಿಗೆ ಬಂತು. ಅಚ್ಚಿನವನು ‘ಆ ಸೋಮಾರಿಗೆ ಹೇಳು’ ಎಂದರೆ, ಮೇಸ್ತ್ರಿ ಹತ್ತು ಹೆಜ್ಜೆ ನಡೆದು ‘ನಿನಗೆ ಹೇಳು ಅಂದ’ ಎನ್ನುತ್ತಿದ್ದ. ಕುಲುಮೆಯವನು ‘ಆ ಕೊಬ್ಬಿದವನಿಗೆ ಹೇಳು’ ಎಂದರೆ, ವಾಪಸು ಬಂದು ‘ಅಣ್ಣ ನೋಡಿಕೊಳ್ಳಲಿ ಅಂದ’ ಎನ್ನುತ್ತಿದ್ದ. ಬೈಗುಳವನ್ನೆಲ್ಲ ಹತ್ತು ಹೆಜ್ಜೆಯೊಳಗೆ ನುಂಗಿಬಿಡುತ್ತಿದ್ದ. ಎಂಟು ತಿಂಗಳು ಹೀಗೆ ಕಳೆಯಿತು. ಮೇಸ್ತ್ರಿಯಿಂದ ಮನೆ ನಡೆಯುತ್ತಿದೆ ಎಂದು ಯಜಮಾನನೂ ಹೊಗಳಿದ. ಮೇಸ್ತ್ರಿ ಅದನ್ನು ನಂಬಿದ.

ನದಿಯಾಚೆಯ ಊರಿನವರು ಒಂದು ದೊಡ್ಡ ಗಂಟೆ ಕೇಳಿದ್ದರು. ಅಷ್ಟು ದಪ್ಪದ ಅಚ್ಚನ್ನು ಅಲ್ಲಿ ಯಾರೂ ಮಾಡಿರಲಿಲ್ಲ. ಸುರಿಯುವ ಹಿಂದಿನ ದಿನ ಅಚ್ಚಿನವನು ಅದರ ಬುಡಕ್ಕೆ ಕೈಯಿಟ್ಟು ನೋಡಿದ. ಮೇಸ್ತ್ರಿಯನ್ನು ಕರೆದ.

“ಹೊರಗೆ ಒಣಗಿದೆ, ಹೊಟ್ಟೆ ಇನ್ನೂ ಹಸಿ. ಎರಡು ದಿನ ಬೇಕು. ನಾಳೆ ಸುರಿದರೆ ಸಿಡಿಯುತ್ತೆ, ಜನ ಸಾಯ್ತಾರೆ. ಆ ಕುರುಡನಿಗೆ ತನ್ನ ಬೆಂಕಿ ಬಿಟ್ಟರೆ ಬೇರೆ ಏನೂ ಕಾಣಲ್ಲ. ಇಷ್ಟನ್ನೂ ಹಿಂಗೇ ಹೇಳು” ಎಂದ.

ಮೇಸ್ತ್ರಿ ಹತ್ತು ಹೆಜ್ಜೆ ನಡೆದ. ಕುರುಡ ಎನ್ನುವುದನ್ನು ನುಂಗಿದ. ಜನ ಸಾಯುತ್ತಾರೆ ಎನ್ನುವುದು ಶಾಪ ಹಾಕಿದ ಹಾಗೆ ಕಂಡಿತು, ಅದನ್ನೂ ನುಂಗಿದ. ಕುಲುಮೆಯವನ ಮುಂದೆ ನಿಂತು, “ಆಗೋದಾದರೆ ಒಂದೆರಡು ದಿನ ಬಿಟ್ಟು ಸುರಿಯೋಣ ಅಂತಾನೆ” ಎಂದ.

ಕುಲುಮೆಯವನ ಮುಖ ಕೆಂಪಾಯಿತು. “ನಾಳೆ ಕಳೆದರೆ ತಿದಿ ಒತ್ತುವ ಆಳುಗಳೆಲ್ಲ ಸುಗ್ಗಿಗೆ ಹೋಗ್ತಾರೆ. ಒಬ್ಬನೂ ಉಳಿಯಲ್ಲ. ಗಾಳಿಯಿಲ್ಲದೆ ಕಂಚು ಕರಗುತ್ತಾ? ನನ್ನನ್ನು ಊರಿನ ಮುಂದೆ ನಗೆಪಾಟಲು ಮಾಡಬೇಕು ಅಂತಲೇ ಅವನು ಕಾಯ್ತಿದಾನೆ. ನಾಳೆಯೇ ಸುರಿಯೋದು. ಅವನ ನೆಪ ನನಗೆ ಬೇಡ ಅಂತ ಹೇಳು” ಎಂದ.

ಮೇಸ್ತ್ರಿ ಮತ್ತೆ ಹತ್ತು ಹೆಜ್ಜೆ ನಡೆದ. “ನಿನ್ನ ಮಾತು ಹೇಳಿದೆ. ಯೋಚನೆ ಮಾಡ್ತಾನೆ” ಎಂದ. ಅಚ್ಚಿನವನು ಅದನ್ನು ಒಪ್ಪಿಗೆ ಎಂದುಕೊಂಡ. ಇಬ್ಬರೂ ಅವತ್ತು ಒಳ್ಳೆಯ ನಿದ್ದೆ ಮಾಡಿದರು. ಮೇಸ್ತ್ರಿಯೂ ಮಾಡಿದ.

ಬೆಳಿಗ್ಗೆ ಅಚ್ಚಿನವನು ಬಂದಾಗ ಕುಲುಮೆ ಉರಿಯುತ್ತಿತ್ತು. ಎರಕದ ಗುಂಡಿಯಲ್ಲಿ ಎಡಕ್ಕೆ ದೊಡ್ಡ ಅಚ್ಚು, ಬಲಕ್ಕೆ ಹೋದ ವಾರವೇ ಒಣಗಿದ ಆರು ಸಣ್ಣ ಅಚ್ಚುಗಳಿದ್ದವು. ಕಂಚು ಸಣ್ಣವಕ್ಕೆ ಎಂದು ಅವನು ತಿಳಿದ. ಕೇಳಬಹುದಿತ್ತು. ಕೇಳಿದರೆ ಸೋತ ಹಾಗೆ ಎಂದು ಕೇಳಲಿಲ್ಲ.

ಕಂಚು ಕರಗಿದ ಮೂಸೆಯನ್ನು ಇಬ್ಬರು ಹೊರಬೇಕು. ಕಬ್ಬಿಣದ ಬಳೆಯಲ್ಲಿ ಮೂಸೆ ಕೂರುತ್ತದೆ, ಬಳೆಗೆ ಎರಡು ಕಡೆ ಉದ್ದನೆಯ ಹಿಡಿ. ಒಂದು ಹಿಡಿ ಅಚ್ಚಿನವನದು, ಇನ್ನೊಂದು ಕುಲುಮೆಯವನದು. ಅದು ಅಲ್ಲಿಯ ವಾಡಿಕೆ. ಮೂರನೆಯವನೊಬ್ಬ ಅಚ್ಚಿನ ಬಾಯಿಯ ಪಕ್ಕ ಕೂತು, ಕಂಚಿನ ಮೇಲೆ ತೇಲುವ ಕಿಟ್ಟವನ್ನು ಕೋಲಿನಿಂದ ತಡೆಯಬೇಕು. ಮೂವರಲ್ಲಿ ಅಚ್ಚಿಗೆ ತೀರ ಹತ್ತಿರವಿರುವ ಮುಖ ಅವನದು. ಅವತ್ತು ಆ ಕೋಲು ಮೇಸ್ತ್ರಿಯ ಕೈಯಲ್ಲಿತ್ತು. ಅಚ್ಚಿನವನದು ಬರೀ ಸಿಟ್ಟಿನ ಮಾತು ಎಂದುಕೊಂಡಿದ್ದ ಅವನು, ಕುಲುಮೆಯವನು ಹೇಳಿದ ಕಡೆಗೆ, ದೊಡ್ಡ ಅಚ್ಚಿನ ಪಕ್ಕಕ್ಕೆ ಹೋಗಿ ಕೂತ.

ಕಣ್ಣನ್ನು ಕಂಚಿನ ಮೇಲೇ ಇಟ್ಟು ಇಬ್ಬರೂ ಮೂಸೆ ಎತ್ತಿದರು. ಗುಂಡಿಯವರೆಗೆ ಬಂದರು. ಅಲ್ಲಿ ಅಚ್ಚಿನವನು ಬಲಕ್ಕೆ ತಿರುಗಿದ, ಕುಲುಮೆಯವನು ಎಡಕ್ಕೆ ತಿರುಗಿದ. ಮೂಸೆ ನಡುವೆ ನಿಂತಿತು.

ಕುಲುಮೆಯವನು ಎಡಕ್ಕೆ ಎಳೆದ. ಅಚ್ಚಿನವನು ಕಾಲು ಊರಿ ಬಲಕ್ಕೆ ಎಳೆದ. ಕಂಚು ಅಂಚಿನವರೆಗೆ ಅಲುಗಿ ಒಂದು ಹನಿ ಕೆಳಗೆ ಬಿತ್ತು. ನೆಲ ಚುರ್ ಎಂದಿತು. ತಿದಿಯ ಆಳುಗಳು ಎದ್ದು ಹಿಂದಕ್ಕೆ ಸರಿದರು. ತುಂಬಿದ ಮೂಸೆಯನ್ನು ತಣ್ಣನೆಯ ನೆಲಕ್ಕೆ ಇಳಿಸುವ ಹಾಗಿಲ್ಲ, ಒಡೆದುಹೋಗುತ್ತದೆ. ಹಿಡಿದು ನಿಲ್ಲುವ ಹಾಗೂ ಇಲ್ಲ, ತೋಳಿಗೆ ಅಷ್ಟು ಶಕ್ತಿಯಿಲ್ಲ. ಎಂಟು ತಿಂಗಳ ಹಟ ಇಬ್ಬರ ಬಾಯಿಗೂ ಬೀಗ ಹಾಕಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಮೇಸ್ತ್ರಿಯ ಕಡೆಗೇ ನೋಡಿದರು.

“ನಾನು ನಿನ್ನೆ ಏನು ಹೇಳಿ ಕಳಿಸಿದ್ದೆ?” ಎಂದು ಅಚ್ಚಿನವನು ಅರಚಿದ.

“ನಾನೇನು ಹೇಳಿ ಕಳಿಸಿದ್ದೆ? ಹೇಳು!” ಎಂದು ಕುಲುಮೆಯವನು ಅರಚಿದ.

ಮೇಸ್ತ್ರಿಯ ಮೊಣಕೈ ಹಸಿ ಅಚ್ಚಿಗೆ ತಾಗಿಕೊಂಡಿತ್ತು. ಆ ಗಳಿಗೆಯಲ್ಲೂ ಆ ಮನುಷ್ಯ ಮೊದಲು ಹುಡುಕಿದ್ದು ಒಂದು ಮೆತ್ತನೆಯ ಮಾತನ್ನೇ! ಇಬ್ಬರಿಗೂ ನೋವಾಗದ ಒಂದು ಮಾತು. ಅಂಥದ್ದು ಸಿಗಲಿಲ್ಲ. ಇಬ್ಬರ ತೋಳೂ ನಡುಗುತ್ತಿದ್ದವು. ಅವನು ಕುಲುಮೆಯವನ ಕಡೆ ತಿರುಗಿ, ಕಣ್ಣು ಮುಚ್ಚಿಕೊಂಡು ನುಂಗಿದ್ದನ್ನೆಲ್ಲ ಹೊರಗೆ ಹಾಕಿದ.

“ಅಚ್ಚಿನ ಹೊಟ್ಟೆ ಹಸಿ ಇದೆ, ಸುರಿದರೆ ಸಿಡಿಯುತ್ತೆ, ಜನ ಸಾಯ್ತಾರೆ, ಆ ಕುರುಡನಿಗೆ ಬೆಂಕಿ ಬಿಟ್ಟರೆ ಏನೂ ಕಾಣಲ್ಲ ಅಂದ. ನೀನು, ಆಳುಗಳು ಸುಗ್ಗಿಗೆ ಹೋಗ್ತಾರೆ, ನಾಳೆಯೇ ಸುರಿಯೋದು, ಅವನ ನೆಪ ಬೇಡ, ನನ್ನನ್ನು ನಗೆಪಾಟಲು ಮಾಡೋಕೆ ಕಾಯ್ತಿದಾನೆ ಅಂದೆ. ನಾನು ಯಾರಿಗೂ ಏನೂ ಹೇಳಲಿಲ್ಲ!”

ಕುಲುಮೆಯವನು ಎಂಟು ತಿಂಗಳ ಮೇಲೆ ಅಚ್ಚಿನವನ ಮುಖ ನೋಡಿದ.

“ಹಸಿಯಾ?”

“ಹಸಿ.”

ಇಬ್ಬರೂ ಒಟ್ಟಿಗೆ ಬಲಕ್ಕೆ ತಿರುಗಿದರು. ಸಣ್ಣ ಅಚ್ಚುಗಳು ಹಿಡಿಯುವಷ್ಟನ್ನು ಅವಕ್ಕೆ ಸುರಿದು, ಉಳಿದದ್ದನ್ನು ಒಣ ಮರಳಿನ ಕಾಲುವೆಗೆ ಬಿಟ್ಟರು. ಆಮೇಲೆ ಕುಲುಮೆಯವನು ದೊಡ್ಡ ಅಚ್ಚಿನ ಬಾಯಿಯೊಳಗೆ ಒಂದು ಕೋಲು ಇಳಿಸಿ ಗೀರಿ ತೆಗೆದ. ತುದಿಯ ಮಣ್ಣು ಬೆರಳಿಗೆ ಕಣಕದ ಹಾಗೆ ಅಂಟಿತು. ಅವನು ಆ ಬೆರಳನ್ನು ನೋಡುತ್ತ ಅಲ್ಲೇ ಕುಸಿದು ಕೂತ.

ಕತೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡ. ಅಪಾಯ ತಪ್ಪಿದ ಮಾತ್ರಕ್ಕೆ ಜಗಳ ತೀರುವುದಿಲ್ಲ. ಭಯ ಇಳಿದ ಮೇಲೆ ಇಬ್ಬರೂ ಮೊದಲಿಗಿಂತ ಜೋರಾಗಿ ಜಗಳಕ್ಕೆ ಬಿದ್ದರು. ಮೇಸ್ತ್ರಿ ಈ ಸಲ ಓಡಿಹೋಗಲಿಲ್ಲ. ಇಬ್ಬರ ನಡುವೆ ಕೂತ. ಒಂದೇ ಒಂದು ಕಟ್ಟಳೆ ಮಾಡಿದ. ಪ್ರತಿಯೊಬ್ಬನೂ ತನ್ನ ಮಾತು ಆಡುವ ಮೊದಲು, ಇನ್ನೊಬ್ಬ ಹೇಳಿದ್ದನ್ನು ಅವನು ಹೌದು ಎನ್ನುವ ಹಾಗೆ ಹೇಳಿ ತೋರಿಸಬೇಕು. ಮೇಸ್ತ್ರಿ ತಾನಾಗಿ ಒಂದು ಮಾತನ್ನೂ ಸೇರಿಸಲಿಲ್ಲ, ಒಂದನ್ನೂ ತೆಗೆಯಲಿಲ್ಲ.

ಮಧ್ಯಾಹ್ನದವರೆಗೆ ಅದು ಬರೀ ಕೂಗಾಟವಾಗಿತ್ತು. ಆಮೇಲೆ ಸೀಳಿದ ಗಂಟೆ ಹೊರಗೆ ಬಂತು. “ನಿನ್ನ ತಪ್ಪನ್ನು ನೀನು ಯಜಮಾನರ ಮುಂದೆ ಒಪ್ಪಿಕೊಳ್ಳಬೇಕಾಗಿರಲಿಲ್ಲ. ನನಗೆ ಒಬ್ಬನಿಗೆ ಹೇಳಿದ್ದರೆ ಸಾಕಿತ್ತು” ಎಂದ ಅಚ್ಚಿನವನು. ಕುಲುಮೆಯವನು ಅದನ್ನು ತನ್ನ ಬಾಯಲ್ಲಿ ಹೇಳಿ ತೋರಿಸಬೇಕಾಗಿತ್ತು. ಎರಡು ಸಲ ತಡವರಿಸಿ, ಮೂರನೆಯ ಸಲ ಅವನು ಪೂರ್ತಿ ಹೇಳಿದ. ಆಗ ಅಚ್ಚಿನವನು ಕೇಳಿದ: “ಆಳುಗಳು ಹೋಗ್ತಾರೆ ಅಂತ ನನಗೆ ಯಾರು ಹೇಳಿದ್ರು? ನಾನೇ ತಿದಿ ಒತ್ತುತ್ತಿದ್ದೆನಲ್ಲ.”

ಎರಡು ದಿನ ಬಿಟ್ಟು ಅವನೇ ಒತ್ತಿದ. ದೊಡ್ಡ ಗಂಟೆ ಸೀಳಿಲ್ಲದೆ ಹೊರಬಂತು. ಅಂದಿನಿಂದ ಆ ಮನೆಯಲ್ಲಿ ದಿನ ಗೊತ್ತುಮಾಡುವವನು ಅಚ್ಚಿನವನು, ಗಳಿಗೆ ಗೊತ್ತುಮಾಡುವವನು ಕುಲುಮೆಯವನು ಎಂದಾಯಿತು. ಅದನ್ನು ಎದುರು ನಿಂತು ಬಾಯಿಬಿಟ್ಟು ಹೇಳದೆ ಯಾರೂ ಮೂಸೆಗೆ ಕೈ ಹಾಕುವಂತಿಲ್ಲ. ಅವರು ಆಮೇಲೂ ಜಗಳವಾಡಿದರು, ಬೇಕಾದಷ್ಟು ಆಡಿದರು. ಯಾರಾದರೂ ‘ಅವನಿಗೆ ಹೇಳು’ ಎಂದು ಬಂದರೆ ಮೇಸ್ತ್ರಿ ಅವರ ಕೈ ಹಿಡಿದು, ಆ ಹತ್ತು ಹೆಜ್ಜೆಯನ್ನು ಅವರಿಂದಲೇ ನಡೆಸುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ನಿಟ್ಟುಸಿರುಬಿಟ್ಟ. “ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ. ಆದರೆ ಅದು ಕುದಿಯುವ ಕಂಚು, ಬುದ್ಧಿ. ನಮ್ಮದು ಬರೀ ಅಡುಗೆಮನೆ” ಎಂದ.

ಗುರುಗಳು ಕೇಳಿದರು: “ನಾಳೆ ಪುಣ್ಯತಿಥಿಗೆ ಐನೂರು ಎಲೆ, ಹುಣಸೆ ಸಾರು ಯಾವ ಕೊಪ್ಪರಿಗೆಯಲ್ಲಿ ಕಾಯುತ್ತದೆ, ಮರಿ?”

ಶಿಷ್ಯ ಎದ್ದು, ಅಡುಗೆಯವನ ಕೈ ಹಿಡಿದು ಉಗ್ರಾಣಕ್ಕೆ ಕರೆದೊಯ್ಯಲು ಓಡಿದ.